ದಂಡು ಎಳೆದ ಗೆರೆ

ಬ್ರಿಟಿಷರು ಬೆಂಗಳೂರಿನಲ್ಲಿ ಏನು ಬಿಟ್ಟುಹೋದರು ಎಂದರೆ ಜನ ಕಬ್ಬನ್ ಪಾರ್ಕನ್ನೋ ಫ್ರೇಜರ್ ಟೌನಿನ ಹಳೆಯ ಬಂಗಲೆಗಳನ್ನೋ ತೋರಿಸುತ್ತಾರೆ. ಹೊಸ ತಿಪ್ಪಸಂದ್ರದಲ್ಲಿ ಅಂಥದ್ದೇನೂ ಇಲ್ಲ; ಇಕ್ಕಟ್ಟಾದ ಅಂಗಡಿ ಬೀದಿ, ಸಾಲು ಮನೆಗಳು, ಸ್ವಲ್ಪ ಆಚೆಗೆ ವಿಮಾನ ಕಾರ್ಖಾನೆ ಎಚ್‌ಎಎಲ್ ಮತ್ತು ರಕ್ಷಣಾ ಇಲಾಖೆಯ ಉದ್ದನೆಯ ಕಾಂಪೌಂಡ್ ಗೋಡೆಗಳು. ಆದರೂ ವಸಾಹತು ಆಳ್ವಿಕೆಯ ಗಟ್ಟಿ ಗುರುತು ಬಂಗಲೆಗಳಿಗಿಂತ ಈ ಗೋಡೆಗಳಲ್ಲೇ ಹೆಚ್ಚು ಎಂಬುದು ನನ್ನ ವಾದ. ಊರೊಳಗಿನ ನೆಲದ ಮೇಲೆ ಊರಿಗೆ ಅಧಿಕಾರವಿಲ್ಲ ಎಂಬ ಪದ್ಧತಿ ಇಲ್ಲಿ ಬೇರುಬಿಟ್ಟದ್ದು ದಂಡಿನ, ಅಂದರೆ ಬ್ರಿಟಿಷ್ ಸೈನ್ಯದ ಕಂಟೋನ್ಮೆಂಟಿನ, ಕಾಲದಲ್ಲಿ. 1809ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಶ್ರೀರಂಗಪಟ್ಟಣ ಬಿಟ್ಟು ಹಲಸೂರಿನ ಬಳಿ ನೆಲೆಯೂರಿತು. 1881ರಲ್ಲಿ ಮೈಸೂರು ರಾಜ್ಯ ಬ್ರಿಟಿಷರಿಂದ ಒಡೆಯರ ಕೈಗೆ ಮರಳಿತು, ದಂಡು ಮರಳಲಿಲ್ಲ. ಅದು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಆಗಿ ಬ್ರಿಟಿಷ್ ರೆಸಿಡೆಂಟರ ಕೈಯಲ್ಲೇ ಉಳಿಯಿತು. 1901ರ ಜನಗಣತಿಯ ಪ್ರಕಾರ ಮಹಾರಾಜರ ಆಡಳಿತದ ಹಳೆಯ ಊರಾದ ಪೇಟೆಯಲ್ಲಿ 69,447 ಜನರಿದ್ದರೆ ದಂಡಿನಲ್ಲಿ 89,599. ಮಹಾರಾಜರ ನಗರದ ಹೆಚ್ಚು ಪಾಲು ಜನ ಮಹಾರಾಜರ ಆಡಳಿತಕ್ಕೇ ಸೇರಿರಲಿಲ್ಲ. 1947ರಲ್ಲಿ ದಂಡು ಮೈಸೂರಿಗೆ ಸೇರಿ, 1949ರಲ್ಲಿ ಎರಡೂ ಭಾಗಕ್ಕೆ ಒಂದೇ ಕಾರ್ಪೊರೇಷನ್ ಬಂತು.

ರೈಲು, ನಲ್ಲಿ ನೀರು, ಅಗಲ ರಸ್ತೆ ದಂಡಿನಿಂದಲೇ ಬಂದವಲ್ಲವೇ ಎನ್ನಬಹುದು. ಬಂದವು, ಆದರೆ ಯಾರಿಗೆ ಮೊದಲು? 1864ರಲ್ಲಿ ಜೋಲಾರಪೇಟೆಯಿಂದ ಬಂದ ರೈಲು ದಂಡಿನ ಸ್ಟೇಷನ್ನಿನಲ್ಲಿ ನಿಂತಿತು. ಸ್ಯಾಂಕಿ ಕೆರೆ 1882ರಲ್ಲಿ ಕಟ್ಟಿದ್ದೂ ದಂಡಿನ ನೀರಿಗಾಗಿ. ಹೆಸರಘಟ್ಟದ ಕೊಳವೆ ನೀರು ಪೇಟೆಗೆ ಬರಲು ಮತ್ತೆ ಹತ್ತು ವರ್ಷಕ್ಕೂ ಮೀರಿ ಬೇಕಾಯಿತು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಎಚ್‌ಎಎಲ್ ಬ್ರಿಟಿಷರು ಹುಟ್ಟುಹಾಕಿದ ಕಾರ್ಖಾನೆಯೇ ಅಲ್ಲ. 1940ರಲ್ಲಿ ಅದನ್ನು ಆರಂಭಿಸಿದವರು ಉದ್ಯಮಿ ವಾಲ್‌ಚಂದ್ ಹೀರಾಚಂದ್, ಜೊತೆಗೂಡಿದ್ದು ಮೈಸೂರು ಸರ್ಕಾರ. ಇದು ನಿಜ. ಆದರೆ ಎರಡನೇ ಮಹಾಯುದ್ಧದ ಒತ್ತಡದಲ್ಲಿ 1942ರಲ್ಲಿ ಅದರ ಆಡಳಿತ ಬ್ರಿಟಿಷರ ಭಾರತ ಸರ್ಕಾರದ ಕೈಗೆ ಹೋಯಿತು, ಮರುವರ್ಷದಿಂದ ಅಮೆರಿಕದ ಸೇನಾ ವಿಮಾನಗಳ ರಿಪೇರಿ ಅಲ್ಲಿ ನಡೆಯಿತು. ಸ್ವಾತಂತ್ರ್ಯ ಬಂದ ಮೇಲೆ ಬದಲಾದದ್ದು ಯಜಮಾನರು. ನೆಲದ ಜೊತೆಗಿನ ನಂಟು ಹಾಗೆಯೇ ಉಳಿಯಿತು. ಸಾರ್ವಜನಿಕ ಉದ್ದೇಶ ಎಂದರೆ ಸಾಕು, ಹೊಲ ಬಿಡಬೇಕು ಎನ್ನುತ್ತಿದ್ದ 1894ರ ಭೂಸ್ವಾಧೀನ ಕಾಯ್ದೆ 2013ರ ಹೊಸ ಕಾಯ್ದೆ ಬರುವವರೆಗೂ ದೇಶದಲ್ಲಿ ಬಾಳಿತು. ಹಾಗೆಂದು ಇಲ್ಲಿನವರನ್ನು ಬರಿಯ ಬಲಿಪಶುಗಳೆಂದು ಬರೆಯುವುದೂ ಸುಳ್ಳಾಗುತ್ತದೆ. ಕಾರ್ಖಾನೆಯ ಸಂಬಳ ಎಷ್ಟೋ ಮನೆಗಳನ್ನು ಕಟ್ಟಿಸಿದೆ, ಮಕ್ಕಳನ್ನು ಓದಿಸಿದೆ. ಹೊಸ ತಿಪ್ಪಸಂದ್ರ ಇಷ್ಟು ಬೆಳೆದಿರುವುದರಲ್ಲಿ ಅದರ ಪಾಲು ದೊಡ್ಡದು. ಹಳೆಯ ಪದ್ಧತಿ ಇಷ್ಟು ಕಾಲ ಬಾಳಿದ್ದಕ್ಕೆ ಇದೇ ಕಾರಣವೂ ಹೌದು: ಅದು ನಮಗೂ ಒದಗಿತು, ಪ್ರಶ್ನಿಸುವ ತುರ್ತು ಯಾರಿಗೂ ಕಾಣಲಿಲ್ಲ. ಹಾಗಾಗಿ ನಗರದ ಯಾವ ರಸ್ತೆಯೇ ಆಗಲಿ, ಅಗಲ ಮಾಡಲು ಸೇನೆಯ ಒಂದಿಷ್ಟು ಜಾಗ ಬೇಕಾದರೆ ಇಂದಿಗೂ ಕಡತ ದಿಲ್ಲಿಗೆ ಹೋಗಿ ರಕ್ಷಣಾ ಸಚಿವಾಲಯದ ಒಪ್ಪಿಗೆಗೆ ಕಾಯಬೇಕು.