ಬುಧವಾರ ರಾತ್ರಿ ಎಂಟು ಗಂಟೆ: ಗಡಿಯೂರಿನ ಗೀತಮಾಲಾ



2024ರ ಫೆಬ್ರುವರಿ 20ರಂದು ಮುಂಬೈಯಲ್ಲಿ ಅಮೀನ್ ಸಯಾನಿ ತೀರಿಕೊಂಡರು. ಅವರಿಗೆ 91 ವರ್ಷ. ಮರುದಿನ ಶಾಲೆಯಲ್ಲಿ ಈ ಸುದ್ದಿ ಹೇಳಿದರೆ ಹೊಸದಾಗಿ ಬಂದ ಮೇಷ್ಟ್ರುಗಳಿಗೆ ಅವರು ಯಾರೆಂದೇ ಗೊತ್ತಿರಲಿಲ್ಲ! ಆದರೆ ಸಂಜೆ ಗುಡಿಕಟ್ಟೆಯ ಮೇಲೆ ನೋಡಿದರೆ ಬೇರೆಯೇ ಚಿತ್ರ. ಊರಿನ ಹಿರಿಯರು ನಾಲ್ಕೈದು ಮಂದಿ ಒಂದು ಕಾರ್ವಾನ್ ಪೆಟ್ಟಿಗೆ ಇಟ್ಟುಕೊಂಡು ಕೂತಿದ್ದರು. ಸರಿಗಮ ಕಂಪನಿ 2017ರಲ್ಲಿ ತಂದ ಪೆಟ್ಟಿಗೆ ಅದು. ನೋಡಲು ಹಳೇ ರೇಡಿಯೋ ಥರ, ಒಳಗೆ 5,000 ಹಾಡು. ಅದರಲ್ಲಿ ಅಮೀನ್ ಸಯಾನಿಯವರ ಗೀತಮಾಲಾ ಕೂಡ ಇದೆ. ಅದನ್ನು ಕೇಳುತ್ತ ಕೇಳುತ್ತ ಇಬ್ಬರಿಗೆ ಜಗಳವೇ ಹತ್ತಿತ್ತು.

"1960ರಾಗ ಒಂದನೇ ನಂಬರ್ ಮುಘಲ್-ಎ-ಆಜಂದ್ದೇ ಹಾಡು. ನಾ ಕಿವ್ಯಾರೆ ಕೇಳೀನಿ" ಅಂತ ಒಬ್ಬರು.

"ಇಲ್ಲೋ ಮಾರಾಯಾ, ಬರ್ಸಾತ್ ಕೀ ರಾತ್ ಪಿಚ್ಚರಿಂದು. ಬೇಕಿದ್ರ ಸರ್‌ನ ಕೇಳು" ಅಂತ ಇನ್ನೊಬ್ಬರು.

ಆ 'ಸರ್' ಅಂದರೆ ನಾನು. ವಾರ್ಷಿಕ ಪಟ್ಟಿಯ ಪ್ರಕಾರ ಎರಡನೆಯವರು ಹೇಳಿದ್ದೇ ಸರಿ. ಹಾಗಂತ ಹೇಳಿದೆ. ಸೋತವರು ಒಪ್ಪಲಿಲ್ಲ. "ಅದು ಅವರ ಪಟ್ಟಿ ಸರ. ನಮ್ಮೂರಾಗ ಒಂದನೇ ನಂಬರ್ ಬ್ಯಾರೇನ ಇತ್ತು" ಅಂದುಬಿಟ್ಟರು. ಆಗ ನಕ್ಕುಬಿಟ್ಟೆ. ಆಮೇಲೆ ಯೋಚಿಸಿದರೆ ಆ ಮಾತು ತಮಾಷೆಯದಲ್ಲ ಅನ್ನಿಸಿತು. ಈ ಲೇಖನ ಹುಟ್ಟಿದ್ದು ಅಲ್ಲಿಂದ.

ಮೊದಲು ಸ್ವಲ್ಪ ಇತಿಹಾಸ. 1952ರಲ್ಲಿ ಬಿ. ವಿ. ಕೇಸ್ಕರ್ ಕೇಂದ್ರದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದರು. ಶಾಸ್ತ್ರೀಯ ಸಂಗೀತದ ಅಭಿಮಾನಿ. ಸಿನಿಮಾ ಹಾಡಿನಿಂದ ಜನರ ಅಭಿರುಚಿ ಕೆಡುತ್ತದೆ ಎಂಬುದು ಅವರ ನಂಬಿಕೆ. ಆಕಾಶವಾಣಿಯಲ್ಲಿ ಸಿನಿಮಾ ಹಾಡು ಕಡಿಮೆಯಾಗುತ್ತ ಹೋಗಿ ಕೊನೆಗೆ ಇಲ್ಲವೇ ಇಲ್ಲ ಎನ್ನುವಂತಾಯಿತು. (ಮಕ್ಕಳಿಗೆ ಏನನ್ನಾದರೂ ಬೇಡ ಅಂದರೆ ಅವರು ಪಕ್ಕದ ಮನೆಗೆ ಹೋಗಿ ಅದನ್ನೇ ಮಾಡುತ್ತಾರೆ ಎಂಬುದು ಮೇಷ್ಟ್ರುಗಳಾದ ನಮಗೆ ಗೊತ್ತು. ಮಂತ್ರಿಗಳಿಗೆ ಗೊತ್ತಿರಲಿಲ್ಲ!) ಪಕ್ಕದ ಮನೆ ಅಂದರೆ ಸಿಲೋನ್. ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗಾಗಿ ಕೊಲಂಬೋದಲ್ಲಿ ದೊಡ್ಡ ಶಾರ್ಟ್‌ವೇವ್ ಪ್ರಸಾರ ಕೇಂದ್ರ ಇತ್ತು. ಯುದ್ಧ ಮುಗಿದ ಮೇಲೆ ಅದು ರೇಡಿಯೋ ಸಿಲೋನ್ ಕೈಗೆ ಬಂತು. ಜಾಹೀರಾತು ತೆಗೆದುಕೊಳ್ಳಲು ಅದಕ್ಕೆ ಅಡ್ಡಿಯಿರಲಿಲ್ಲ. ಹಿಂದಿ ಹಾಡುಗಳನ್ನು ಭಾರತಕ್ಕೇ ತಿರುಗಿಸಿ ಬಿಟ್ಟಿತು.

ಅಲ್ಲಿ ಆಗಲೇ ಇಂಗ್ಲಿಷ್ ಹಾಡುಗಳ 'ಬಿನಾಕಾ ಹಿಟ್ ಪರೇಡ್' ಇತ್ತು. ಅಂಥದ್ದೇ ಹಿಂದಿಯಲ್ಲೂ ಬೇಕೆಂದು ಕೇಳುಗರು ಬರೆದರು. 1952ರ ಡಿಸೆಂಬರ್ 3, ಬುಧವಾರ, ಬಿನಾಕಾ ಗೀತಮಾಲಾ ಶುರುವಾಯಿತು. ಬಿನಾಕಾ ಅಂದರೆ ಹಲ್ಲುಜ್ಜುವ ಪೇಸ್ಟ್. ನಿರೂಪಕನಿಗೆ ಇಪ್ಪತ್ತು ತುಂಬಲು ಇನ್ನೂ ಹದಿನೆಂಟು ದಿನ ಬಾಕಿ, ಸಂಬಳ ವಾರಕ್ಕೆ 25 ರೂಪಾಯಿ. ಮುಂಬೈಯಲ್ಲಿ ಟೇಪಿಗೆ ಧ್ವನಿಮುದ್ರಿಸಿ ವಿಮಾನದಲ್ಲಿ ಕೊಲಂಬೋಗೆ ಕಳಿಸುತ್ತಿದ್ದರು. ಅಲ್ಲಿಂದ ಅದು ಆಕಾಶಮಾರ್ಗವಾಗಿ ಮತ್ತೆ ನಮ್ಮ ಕಡೆಗೇ ಬರುತ್ತಿತ್ತು.

ಮೊದಲು ನಂಬರ್ ಇರಲಿಲ್ಲ. ಏಳು ಹಾಡು ಹಾಕುವುದು, ಕೇಳುಗರು ಅವನ್ನು ಜನಪ್ರಿಯತೆಯ ಕ್ರಮದಲ್ಲಿ ಜೋಡಿಸಿ ಬರೆದು ಕಳಿಸುವುದು, ಸರಿ ಜೋಡಿಸಿದವರಿಗೆ ನೂರು ರೂಪಾಯಿ ಬಹುಮಾನ. ಮೊದಲ ಕಾರ್ಯಕ್ರಮಕ್ಕೇ 9,000 ಪತ್ರ ಬಂದವು. ಕ್ರಮೇಣ ವಾರಕ್ಕೆ 65,000ಕ್ಕೆ ಏರಿತು. ಲೆಕ್ಕ ಮಾಡುವವರ ಪಾಡು ಯೋಚಿಸಿ. ನಮ್ಮ ಒಂದು ಶಾಲೆಯ ಪರೀಕ್ಷೆಯ ಉತ್ತರಪತ್ರಿಕೆ ನೋಡುವಷ್ಟರಲ್ಲೇ ನಮಗೆ ಸಾಕಾಗುತ್ತದೆ. ಹಾಗಾಗಿ 1954ರ ಡಿಸೆಂಬರಿನಿಂದ ಪದ್ಧತಿ ಬದಲಾಯಿತು. ಕಾರ್ಯಕ್ರಮ ಒಂದು ಗಂಟೆಗೆ ಬೆಳೆಯಿತು, ಹದಿನಾರು ಹಾಡು ಕೆಳಗಿನಿಂದ ಮೇಲಕ್ಕೆ ಏರಿ ಬರತೊಡಗಿದವು. ಸಯಾನಿ ಅವನ್ನು 'ಪಾಯ್ದಾನ್' ಅನ್ನುತ್ತಿದ್ದರು, ಅಂದರೆ ಮೆಟ್ಟಿಲು. ಈ ವಾರ ಯಾವ ಹಾಡು ಎಷ್ಟನೇ ಮೆಟ್ಟಿಲಲ್ಲಿದೆ ಎಂಬುದೇ ಜನರಿಗೆ ಹುಚ್ಚಾಯಿತು.

ಈಗ ನಮ್ಮ ಕಡೆಗೆ ಬರೋಣ.

ಈ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಭಾಗ ಆಗ ಹೈದರಾಬಾದ್ ರಾಜ್ಯದಲ್ಲಿತ್ತು. ಗದ್ವಾಲ್ ರಾಯಚೂರು ಜಿಲ್ಲೆಯ ತಾಲ್ಲೂಕು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ಗದ್ವಾಲ್ ಮತ್ತು ಆಲಂಪುರ ಮಾತ್ರ ಆಂಧ್ರಕ್ಕೆ ಬಂದವು. ನಮ್ಮ ಕಡೆ ಕನ್ನಡ ಮನೆಗಳು ಇದ್ದಲ್ಲೇ ಇದ್ದವು, ರಾಜ್ಯ ಬದಲಾಯಿತು. 2014ರಲ್ಲಿ ತೆಲಂಗಾಣವಾಯಿತು, 2019ರಲ್ಲಿ ನಾರಾಯಣಪೇಟೆಯೇ ಜಿಲ್ಲೆಯಾಯಿತು. ಒಂದೇ ಮನೆಯಲ್ಲಿ ಕೂತು ಮೂರು ರಾಜ್ಯ ಕಂಡ ಅಜ್ಜಂದಿರು ನಮ್ಮಲ್ಲಿದ್ದಾರೆ.

ಗೀತಮಾಲಾ ನಮ್ಮ ಹಿರಿಯರಿಗೆ ಇಷ್ಟು ಹತ್ತಿರವಾಗಲು ಒಂದು ಕಾರಣ ಈ ಹೈದರಾಬಾದ್ ಹಿನ್ನೆಲೆಯೇ. ನಿಜಾಮರ ಕಾಲದಲ್ಲಿ ಶಾಲೆಗೆ ಹೋದವರು ಓದಿದ್ದು ಉರ್ದು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ಉರ್ದು. ಸಯಾನಿಯವರ ಹಿಂದುಸ್ತಾನಿ ಇವರಿಗೆ ಪರಭಾಷೆ ಅನ್ನಿಸಲೇ ಇಲ್ಲ. ಬೆಂಗಳೂರು, ಮೈಸೂರಿನ ಎಷ್ಟೋ ಕೇಳುಗರಿಗೆ ಹಾಡು ಅರ್ಥವಾಗದಿದ್ದರೂ ರಾಗ ಸಾಕಿತ್ತು. ಇಲ್ಲಿಯವರು ಹಾಡಿನ ನಡುವಿನ ಮಾತಿಗೂ ಕಾಯುತ್ತಿದ್ದರು.

ಆ ಮಾತಿನ ಹಿಂದೆಯೂ ಒಂದು ಕಥೆಯಿದೆ, ಮೇಷ್ಟ್ರುಗಳು ಕೇಳಲೇಬೇಕಾದ ಕಥೆ. ಅಮೀನ್ ಸಯಾನಿಯವರ ತಾಯಿ ಕುಲ್ಸುಂ ಸಯಾನಿ ವಯಸ್ಕರ ಶಿಕ್ಷಣಕ್ಕಾಗಿ ದುಡಿದವರು. ಗಾಂಧೀಜಿಯವರ ಪ್ರೇರಣೆಯಿಂದ 'ರಹಬರ್' ಎಂಬ ಪಾಕ್ಷಿಕ ನಡೆಸುತ್ತಿದ್ದರು. ಹೊಸದಾಗಿ ಅಕ್ಷರ ಕಲಿತವರಿಗಾಗಿ ಸರಳ ಹಿಂದುಸ್ತಾನಿಯಲ್ಲಿ ಬರೆದದ್ದನ್ನೇ ದೇವನಾಗರಿ, ಉರ್ದು, ಗುಜರಾತಿ ಮೂರು ಲಿಪಿಗಳಲ್ಲಿ ಅಚ್ಚುಹಾಕುತ್ತಿದ್ದರು. 1940ರಿಂದ ಇಪ್ಪತ್ತು ವರ್ಷ ನಡೆಯಿತು ಆ ಪತ್ರಿಕೆ. ಹುಡುಗ ಅಮೀನ್ ಆ ಕೆಲಸದಲ್ಲಿ ಕೈಜೋಡಿಸುತ್ತ ಬೆಳೆದವರು. ಓದು ಬಾರದವನಿಗೂ ತಿಳಿಯುವಂತೆ ಮಾತಾಡುವುದನ್ನು ಅವರು ಕಲಿತದ್ದು ರೇಡಿಯೋದಲ್ಲಲ್ಲ, ತಾಯಿಯ ಬಳಿ. ಗಡಿನಾಡ ಶಾಲೆಯಲ್ಲಿ ಒಂದೇ ಪಾಠವನ್ನು ಎರಡು ಮೂರು ಭಾಷೆಯಲ್ಲಿ ವಿವರಿಸುವ ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ.

ಹಿರಿಯರು ಹೇಳುವ ಬುಧವಾರಗಳ ಬಗ್ಗೆ ಬರೆದಷ್ಟೂ ಮುಗಿಯದು. "ಬುಧವಾರ ಬಂತಂದ್ರ ಲಗೂನ ಉಂಡು ಗೌಡರ ಪಡಸಾಲಿಗೆ ಹೋಗ್ತಿದ್ವಿ. ಊರಿಗೆಲ್ಲ ಒಂದ ರೇಡಿಯೋ." ಆ ರೇಡಿಯೋಕ್ಕೆ ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಮಾಡಿಸಬೇಕಿತ್ತು, ವರ್ಷ ವರ್ಷ ಹಣ ಕಟ್ಟಬೇಕಿತ್ತು. ಕರೆಂಟ್ ಇಲ್ಲದ ಊರಲ್ಲಿ ಬ್ಯಾಟರಿ. ಬುಧವಾರಕ್ಕೆ ಬ್ಯಾಟರಿ ಉಳಿಯಲಿ ಎಂದು ಮಂಗಳವಾರ ವಾರ್ತೆಯನ್ನೂ ಹಾಕದೆ ಇರುತ್ತಿದ್ದರಂತೆ! ಏರಿಯಲ್ ತಂತಿಯನ್ನು ಮಾಳಿಗೆ ಮೇಲಿನ ಗಳಕ್ಕೆ ಕಟ್ಟುತ್ತಿದ್ದರು. ದನಿ ಒಮ್ಮೆ ಹತ್ತಿರ, ಒಮ್ಮೆ ದೂರ, ಸಮುದ್ರದ ಅಲೆಯ ಹಾಗೆ. ಮಕ್ಕಳು ಕೇಳಿದರೆ ಹೀಗೆ ಹೇಳಿ: ಕೊಲಂಬೋದಿಂದ ನಾರಾಯಣಪೇಟೆಗೆ ನೇರ ಗೆರೆ ಎಳೆದರೆ ಸುಮಾರು 1,100 ಕಿಲೋಮೀಟರ್. ಶಾರ್ಟ್‌ವೇವ್ ಅಲೆ ಮೇಲಕ್ಕೆ ಹೋಗಿ ಅಯಾನುಗೋಳಕ್ಕೆ ಬಡಿದು ಕೆಳಗೆ ಬಗ್ಗಿ ಬರುತ್ತದೆ. ಆ ಪದರ ಒಂದೇ ಸಮ ಇರುವುದಿಲ್ಲ, ಅದಕ್ಕೇ ದನಿ ಏರಿಳಿಯುತ್ತದೆ. ಒಂಬತ್ತನೇ ತರಗತಿಯ ವಿಜ್ಞಾನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಹಾಗಾದರೆ ಕನ್ನಡ ಎಲ್ಲಿತ್ತು? ನನ್ನ ವಿದ್ಯಾರ್ಥಿಯೊಬ್ಬಳು ಕೇಳಿದ ಪ್ರಶ್ನೆ: "ಸರ್, ಕನ್ನಡದ್ದು ಗೀತಮಾಲಾ ಯಾಕಿರ್ಲಿಲ್ಲ?" ಪೇಸ್ಟ್ ಮಾರುವವನಿಗೆ ಇಡೀ ದೇಶದ ಮಾರುಕಟ್ಟೆ ಬೇಕು, ಅದು ಹಿಂದಿಯಲ್ಲಿ ಸಿಗುತ್ತದೆ. ಇನ್ನು ನಮ್ಮ ಚಿತ್ರರಂಗ. ರಾಜ್‌ಕುಮಾರ್ ನಾಯಕನಾದ 'ಬೇಡರ ಕಣ್ಣಪ್ಪ' ಬಂದದ್ದೇ 1954ರಲ್ಲಿ. ವರ್ಷಕ್ಕೆ ಬೆರಳೆಣಿಕೆಯ ಚಿತ್ರ ಬರುತ್ತಿದ್ದಾಗ ವಾರವಾರ ಹದಿನಾರು ಮೆಟ್ಟಿಲು ತುಂಬಿಸಲು ಹಾಡುಗಳನ್ನು ಎಲ್ಲಿಂದ ತರುವುದು? ಕನ್ನಡ ನಮ್ಮ ಮನೆಗಳಿಗೆ ಬೇರೆ ದಾರಿಯಿಂದ ಬಂತು. 1950ರಲ್ಲಿ ಧಾರವಾಡ ಕೇಂದ್ರ ಶುರುವಾಗಿತ್ತು. 1966ರಲ್ಲಿ ಗುಲ್ಬರ್ಗಾ ಆಕಾಶವಾಣಿ ಬಂತು. ಗುಲ್ಬರ್ಗಾ ನಾರಾಯಣಪೇಟೆಗೆ ಸುಮಾರು ನೂರು ಕಿಲೋಮೀಟರ್. ಹತ್ತು ವರ್ಷದ ಹಿಂದೆ ನಕ್ಷೆಯಲ್ಲಿ ಆಚೆ ಹೋಗಿದ್ದ ಗುಲ್ಬರ್ಗಾ ರೇಡಿಯೋದಲ್ಲಿ ಈಚೆ ಬಂತು ಅನ್ನಬೇಕು. ನಮ್ಮದೇ ನುಡಿಗಟ್ಟಿನ ಕನ್ನಡ, ರೈತರ ಕಾರ್ಯಕ್ರಮ, ವಚನ, ಚಿತ್ರಗೀತೆ. ಬುಧವಾರ ರಾತ್ರಿ ಎಂಟಕ್ಕೆ ಮಾತ್ರ ಮುಳ್ಳು ಸಿಲೋನಿಗೆ ತಿರುಗುತ್ತಿತ್ತು. ಅದರಲ್ಲಿ ಯಾರಿಗೂ ಭಾಷಾದ್ರೋಹ ಕಂಡಿರಲಿಲ್ಲ.

ಇನ್ನು ಆ ಜಗಳಕ್ಕೆ ಮರಳುತ್ತೇನೆ. ಪಟ್ಟಿ ಯಾರದು?

ಕ್ರಮಾಂಕ ಶುರುವಾದ ಮೇಲೆ ಮುಖ್ಯ ಆಧಾರ ಗ್ರಾಮಫೋನ್ ರೆಕಾರ್ಡುಗಳ ಮಾರಾಟ. ಜೊತೆಗೆ ಕೇಳುಗರ ಸಂಘಗಳ, ಅವರ ಭಾಷೆಯಲ್ಲಿ 'ಶ್ರೋತಾ ಸಂಘ'ಗಳ, ಮತ. ಈಗ ಯೋಚಿಸಿ. ಮಕ್ತಲ್ ಕಡೆಯ ಒಂದು ಹಳ್ಳಿಯಲ್ಲಿ ರೆಕಾರ್ಡ್ ಅಂಗಡಿ ಎಲ್ಲಿಯದು? ಗ್ರಾಮಫೋನ್ ಎಷ್ಟು ಮನೆಯಲ್ಲಿತ್ತು? ಪಡಸಾಲೆಯಲ್ಲಿ ಕೂತು ಕೇಳಿದ ನಲವತ್ತು ಜನ ಒಂದೂ ರೆಕಾರ್ಡ್ ಕೊಂಡವರಲ್ಲ. ಅವರು ಕೇಳಿದ್ದು ಯಾವ ಲೆಕ್ಕದಲ್ಲೂ ಸೇರಲಿಲ್ಲ. ಸಂಘ ಕಟ್ಟಿ ಪತ್ರ ಬರೆದ ಊರುಗಳ ಹೆಸರಾದರೂ ಉಳಿಯಿತು. ಆಗ ಬಿಹಾರದಲ್ಲಿದ್ದ, ಈಗ ಝಾರ್ಖಂಡಿನಲ್ಲಿರುವ ಝುಮ್ರಿ ತಲೈಯಾ ಎಂಬ ಅಭ್ರಕದ ಗಣಿಯ ಊರು ಹಾಡು ಕೋರಿ ಬರೆದ ಪತ್ರಗಳಿಂದಲೇ ದೇಶಕ್ಕೆಲ್ಲ ಗೊತ್ತಾಯಿತು. ಅಂಥ ಊರೇ ಇಲ್ಲ, ರೇಡಿಯೋದವರು ಕಟ್ಟಿದ ಹೆಸರು ಅಂತ ನಾನೂ ಬಹಳ ದಿನ ನಂಬಿದ್ದೆ!

ಮರುಪ್ರಸಾರಗಳ ವಿಷಯದಲ್ಲೂ ಇದೇ ತೊಡಕು. ಅಮೆರಿಕದಲ್ಲಿ ಕೇಸಿ ಕೇಸಮ್ 1970ರ ಜುಲೈ 4ರಂದು 'ಅಮೆರಿಕನ್ ಟಾಪ್ 40' ಎಂಬ ಇಂಥದ್ದೇ ಕಾರ್ಯಕ್ರಮ ಶುರುಮಾಡಿದರು. ಅವರು 2014ರಲ್ಲಿ ತೀರಿಹೋದರೂ ಅವರ 70, 80ರ ದಶಕಗಳ ವಾರಗಳನ್ನು ಇಡಿಯಾಗಿ ಮರುಪ್ರಸಾರ ಮಾಡುತ್ತಲೇ ಬಂದಿದ್ದಾರೆ. ಅಭಿಮಾನಿಗಳು ಆ ವಾರ ಯಾವ ಹಾಡು ಎಷ್ಟು ಸ್ಥಾನ ಏರಿತು ಎಂದು ನಮ್ಮ ಕಟ್ಟೆಯ ಅಜ್ಜಂದಿರ ಹಾಗೆಯೇ ವಾದ ಹೂಡುತ್ತಾರೆ. ಅಲ್ಲಿ ಪ್ರತಿ ವಾರದ ಕಾರ್ಯಕ್ರಮ ಎಲ್‌ಪಿ ತಟ್ಟೆಗಳಾಗಿ ಅಚ್ಚಾಗಿ ಊರೂರ ರೇಡಿಯೋ ಕೇಂದ್ರಗಳಿಗೆ ಅಂಚೆಯಲ್ಲಿ ಹೋಗುತ್ತಿತ್ತು. ನೂರು ಕಡೆ ಹೋದದ್ದು ಹತ್ತು ಕಡೆಯಾದರೂ ಉಳಿಯುತ್ತದೆ. ನಮ್ಮದು ವಿಮಾನದಲ್ಲಿ ಕೊಲಂಬೋಗೆ ಹೋದ ಟೇಪು. ಸಯಾನಿಯವರು ಆಮೇಲೆ 'ಗೀತಮಾಲಾ ಕೀ ಛಾಂವ್ ಮೇಂ' ಹೆಸರಿನಲ್ಲಿ ತಂದ ಸಿಡಿಗಳಲ್ಲಿ ನಾವು ಕೇಳುವುದು ಬಹುಪಾಲು ವಾರ್ಷಿಕ ಪಟ್ಟಿಯ ಮೇಲೆ ನೆನಪಿನಿಂದ ಮತ್ತೆ ಕಟ್ಟಿದ ಗೀತಮಾಲಾ. ಚೆನ್ನಾಗಿದೆ, ನನಗೂ ಇಷ್ಟ. ಆದರೆ ಅದು ಆ ಬುಧವಾರ ಅಲ್ಲ. ಕರಕರ ಸದ್ದಿನ ಹಳೇ ವಾರಗಳು ಅಲ್ಲಲ್ಲಿ ಸಿಗುತ್ತವೆ, ಅವು ಕೇಳುಗರೇ 70, 80ರ ದಶಕದಲ್ಲಿ ರೇಡಿಯೋ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ಹಿಡಿದವು. 1989ರಲ್ಲಿ ಕಾರ್ಯಕ್ರಮ ವಿವಿಧ ಭಾರತಿಗೆ ಬಂತು. 1957ರಲ್ಲಿ ಸಿಲೋನಿಗೆ ಉತ್ತರವಾಗಿ ಶುರುವಾಗಿದ್ದ ವಿವಿಧ ಭಾರತಿಗೇ ಕೊನೆಗೆ ಗೀತಮಾಲಾ ಬಂದು ಸೇರಿದ್ದು ಒಂದು ವಿಚಿತ್ರ. 1994ರವರೆಗೆ ನಡೆಯಿತು, 2000ದ ನಂತರ ಕೆಲವು ವರ್ಷ ಮತ್ತೆ ಬಂದು ನಿಂತಿತು.

ಅಂದ ಹಾಗೆ, ಆ ಜಗಳದಲ್ಲಿ ಸೋತ ಅಜ್ಜ ಮರುವಾರ ಶಾಲೆಗೇ ಬಂದರು. ಕೈಯಲ್ಲಿ ಹಳೇ ಲೆಕ್ಕದ ಪುಸ್ತಕ. ಅರ್ಧ ಹಾಳೆ ಗೆದ್ದಲು ತಿಂದಿದೆ. ಪ್ರತಿ ಬುಧವಾರದ ಪಟ್ಟಿ ಬರೆದಿಟ್ಟಿದ್ದರು. ಚಿತ್ರದ ಹೆಸರು ಉರ್ದು ಲಿಪಿಯಲ್ಲಿ, ಅಂಕಿ ಕನ್ನಡದಲ್ಲಿ. ಪಕ್ಕದಲ್ಲಿ ಗೆರೆ ಎಳೆದು ಇನ್ನೊಂದು ಸಾಲು. "ಇದೇನಜ್ಜಾ?" ಅಂದರೆ "ಇದು ನಮ್ಮ ಪಡಸಾಲಿ ಪಟ್ಟಿ. ಹಾಡು ಮುಗದ ಮ್ಯಾಲ ಕೈ ಎತ್ತಿಸಿ ಎಣಸ್ತಿದ್ವಿ" ಅಂದರು. 1960ರ ಆ ವಾರದಲ್ಲಿ ಪಡಸಾಲೆಯ ಒಂದನೇ ನಂಬರ್ ಮುಘಲ್-ಎ-ಆಜಂ. ಇಪ್ಪತ್ತೆರಡು ಕೈ!

ನಮ್ಮ ಮಕ್ಕಳಿಗೆ ಉರ್ದು ಲಿಪಿ ಬರುವುದಿಲ್ಲ. ಅಜ್ಜನಿಗೆ ಕಣ್ಣು ಮಂಜು. ಈಗ ಶನಿವಾರ ಶಾಲೆ ಬಿಟ್ಟ ಮೇಲೆ ಅವರು ಭೂತಗನ್ನಡಿ ಹಿಡಿದು ಒಂದೊಂದೇ ಹೆಸರು ಓದುತ್ತಾರೆ, ಎಂಟನೇ ತರಗತಿಯ ನಾಲ್ವರು ಕನ್ನಡದಲ್ಲಿ ಬರೆದುಕೊಳ್ಳುತ್ತಾರೆ. ಹದಿನಾಲ್ಕು ಬುಧವಾರ ಮುಗಿದಿವೆ. ನಿಮ್ಮೂರಿನಲ್ಲೂ ಇಂಥ ಪುಸ್ತಕ ಯಾರ ಟ್ರಂಕಿನಲ್ಲಾದರೂ ಇದ್ದರೆ ಹೇಳಿ, ಗೆದ್ದಲಿಗಿಂತ ಮೊದಲು ನಾವು ಬರುತ್ತೇವೆ.