ಕೆಂಪು ಹೊಳೆಯ ಕಾಣದ ಕೆಲಸಗಾರರು

ಸ್ಪೇನ್ ದೇಶದ ನೈರುತ್ಯ ಮೂಲೆಯಲ್ಲಿ ರಿಯೊ ಟಿಂಟೊ ಎಂಬ ಹೊಳೆಯೊಂದಿದೆ. ಬಣ್ಣ ಹಿಡಿದ ಹೊಳೆಯೆಂಬುದೇ ಆ ಹೆಸರಿನ ಅರ್ಥ. ಅದರ ನೀರು ದ್ರಾಕ್ಷಾರಸದಂತೆ ಕೆಂಪು. ಮೀನು ಬಾಳಲಾರದಷ್ಟು ಹುಳಿ. ಸುಮಾರು 100 ಕಿಲೋಮೀಟರು ಹರಿದು ಅದು ಅಟ್ಲಾಂಟಿಕ್ ಸಾಗರದತ್ತ ಇಳಿಯುತ್ತದೆ. ಅದರ ಮೂಲದ ಬೆಟ್ಟಗಳನ್ನು ಬೆಳ್ಳಿ ತಾಮ್ರಗಳಿಗಾಗಿ ರೋಮನ್ನರೂ ಅವರಿಗೆ ಹಿಂದಿನವರೂ ಅಗೆದರು. ಗಣಿಗಳ ಚರಿತ್ರೆಯೆಂದರೆ ಸಾಮಾನ್ಯವಾಗಿ ಅರಸರ, ಕಂಪನಿಗಳ ಚರಿತ್ರೆ. ಹೆಚ್ಚೆಂದರೆ ಕೂಲಿಗಳ ಚರಿತ್ರೆ. ಈ ಹೊಳೆಯ ಚರಿತ್ರೆಯಲ್ಲಿ ಇನ್ನೊಬ್ಬ ಕೆಲಸಗಾರನಿದ್ದಾನೆ. ಅವನನ್ನು 1947ರವರೆಗೆ ಯಾರೂ ಗುರುತಿಸಿರಲಿಲ್ಲ.

ನಾನು ಕನ್ನಡ ಪಾಠ ಹೇಳುವವನು; ರಸಾಯನಶಾಸ್ತ್ರ ನನ್ನ ಕ್ಷೇತ್ರವಲ್ಲ. ಆದರೆ ಪರುಷ ಸೋಂಕಿದ ಕಬ್ಬಿಣ ಹೊನ್ನಾಗುವ ಮಾತು ನಮ್ಮ ಹಳೆಯ ಕಾವ್ಯವನ್ನು ಓದುವವರಿಗೆ ಹೊಸದಲ್ಲ. ತಾಮ್ರದ ಗಣಿಗಳಲ್ಲಿ ಇದಕ್ಕೆ ಹತ್ತಿರದ ಸೋಜಿಗವೊಂದನ್ನು ಜನ ಕಣ್ಣಾರೆ ಕಂಡಿದ್ದರು. ಗಣಿಯಿಂದ ಒಸರುವ ನೀರಿನಲ್ಲಿ ಕಬ್ಬಿಣದ ಚೂರನ್ನು ಬಿಟ್ಟರೆ ಅದರ ಮೇಲೆ ತಾಮ್ರ ಮೂಡುತ್ತಿತ್ತು. ಕಬ್ಬಿಣವೇ ತಾಮ್ರವಾಯಿತೆಂದು ರಸವಾದಿಗಳು ನಂಬಿದರು. ಚೀನಾದ ಸುಂಗ್ ಅರಸರ ಸರ್ಕಾರವಂತೂ 11ನೆಯ ಶತಮಾನದಲ್ಲೇ ಈ ವಿಧಾನದಿಂದ ನಾಣ್ಯಕ್ಕೆ ತಾಮ್ರ ತೆಗೆಯಿತು. ವಾಸ್ತವದಲ್ಲಿ ಇದು ಪರುಷವಲ್ಲ. ನಮ್ಮ ಅಡಕೆ ತೋಟದವರು ಬಲ್ಲ ಮೈಲುತುತ್ತದ ರೂಪದಲ್ಲಿ ತಾಮ್ರ ಆ ನೀರಿನಲ್ಲಿ ಕರಗಿರುತ್ತದೆ. ಕಬ್ಬಿಣ ತಾನು ಕರಗಿ ತಾಮ್ರವನ್ನು ಹೊರಗೆ ಬಿಡುತ್ತದೆ. ಆದರೆ ಕಲ್ಲಿನೊಳಗೆ ಗಂಧಕದೊಡನೆ ಬೆಸೆದುಕೊಂಡಿದ್ದ ತಾಮ್ರವನ್ನು ಮೊದಲು ನೀರಿಗೆ ಇಳಿಸಿದವರು ಯಾರು? ಈ ಪ್ರಶ್ನೆಗೆ ಉತ್ತರ ಬಹುಕಾಲ ದೊರೆಯಲಿಲ್ಲ.

ನೀರಿನ ದಾರಿ ನಿಧಾನದ್ದು. ಬೆಂಕಿಯ ದಾರಿ ಬೇಗದ್ದು. 1873ರಲ್ಲಿ ರಿಯೊ ಟಿಂಟೊ ಗಣಿಗಳನ್ನು ಸ್ಪೇನ್ ಸರ್ಕಾರದಿಂದ ಕೊಂಡ ಬ್ರಿಟಿಷ್ ಕಂಪನಿ ಬೆಂಕಿಯನ್ನು ಬಹಳವಾಗಿ ನೆಚ್ಚಿತು. ಅದಿರನ್ನು ಬಯಲಿನಲ್ಲಿ ರಾಶಿ ಹಾಕಿ ತಿಂಗಳುಗಟ್ಟಲೆ ಸುಡುವುದು, ಆ ಮೇಲೆ ನೀರಿನಲ್ಲಿ ತೊಳೆದು ತಾಮ್ರವನ್ನು ಹಿಡಿಯುವುದು, ಇದು ಕ್ರಮ. ಗಂಧಕದ ಹೊಗೆ ಕಂಬಳಿಯಂತೆ ಊರುಗಳ ಮೇಲೆ ಕವಿಯಿತು. ಸುತ್ತಣ ರೈತರ ಬೆಳೆ ಕಮರಿತು. ಹೊಗೆ ದಟ್ಟವಾಗಿ ಕೆಲಸ ನಿಂತ ದಿನಗಳಲ್ಲಿ ಕೂಲಿಗೆ ಅರ್ಧ ಸಂಬಳ ಮಾತ್ರ. ಹೊಗೆಯೂ ಅವನಿಗೇ, ನಷ್ಟವೂ ಅವನಿಗೇ!

1888ರ ಫೆಬ್ರವರಿ 4ರಂದು ರೈತರೂ ಗಣಿಯವರೂ ಒಟ್ಟಾಗಿ, ಹೆಂಗಸರು ಮಕ್ಕಳೊಡನೆ, ಗಣಿಯೂರಿನ ಚೌಕದಲ್ಲಿ ನೆರೆದರು. ಸೈನಿಕರು ಗುಂಡು ಹಾರಿಸಿದರು. ಸರ್ಕಾರ ಒಪ್ಪಿದ ಸಾವಿನ ಸಂಖ್ಯೆ 13. ಸತ್ತವರು ಅದಕ್ಕಿಂತ ಬಹಳ ಹೆಚ್ಚೆಂದು ಆ ಸೀಮೆಯ ಜನ ಹೇಳುತ್ತ ಬಂದರು. ಆ ವರ್ಷಕ್ಕೆ ಅಲ್ಲಿ ಗುಂಡುಗಳ ವರ್ಷವೆಂದೇ ಹೆಸರು. ಅದೇ ತಿಂಗಳು ಬಯಲು ಸುಡುವಿಕೆಯನ್ನು ನಿಷೇಧಿಸಿದ ಆಜ್ಞೆ 1890ರಲ್ಲಿ ರದ್ದಾಯಿತು. ಆ ಬೆಂಕಿ ಪೂರ್ತಿ ಆರಿದ್ದು 20ನೆಯ ಶತಮಾನದ ಮೊದಲ ದಶಕದಲ್ಲಿ. ಸುಡದ ಅದಿರಿನ ರಾಶಿಗೆ ನೀರುಣಿಸಿ ವರ್ಷಗಳ ಕಾಲ ಕಾಯುವ ವಿಧಾನ ಅಷ್ಟರಲ್ಲಿ ಬಳಕೆಗೆ ಬಂದಿತ್ತು.

ಹಾಗೆ ಕಾಯುತ್ತಿದ್ದಾಗ ರಾಶಿಯೊಳಗೆ ದುಡಿಯುತ್ತಿದ್ದವರು ಯಾರೆಂಬುದು ಸ್ಪೇನಿನಲ್ಲಿ ಅಲ್ಲ, ಅಮೆರಿಕದಲ್ಲಿ ತಿಳಿಯಿತು. ಅಲ್ಲಿನ ಕಲ್ಲಿದ್ದಲ ಗಣಿಗಳಿಂದ ಬರುವ ಹುಳಿನೀರು ಹೊಳೆಗಳನ್ನು ಕೆಡಿಸುತ್ತಿತ್ತು. 1947ರಲ್ಲಿ ಕಾಲ್ಮರ್ ಮತ್ತು ಹಿಂಕಲ್ ಎಂಬುವರು ಆ ನೀರಿನಲ್ಲಿ ಒಂದು ಬ್ಯಾಕ್ಟೀರಿಯವನ್ನು ಗುರುತಿಸಿದರು. 1951ರಲ್ಲಿ ಅದಕ್ಕೆ ನಾಮಕರಣವಾಯಿತು. ಇಂದಿನ ಹೆಸರು ಅಸಿಡಿಥಯೊಬ್ಯಾಸಿಲಸ್ ಫೆರೊಆಕ್ಸಿಡಾನ್ಸ್. ಬಾಯಿಗೆ ಒಗ್ಗದ ಹೆಸರು ನಿಜ. ಆದರೆ ಬಿಡಿಸಿ ನೋಡಿದರೆ ಹುಳಿ, ಗಂಧಕ, ಕಬ್ಬಿಣ ಮೂರೂ ಅದರಲ್ಲಿವೆ. ಈ ಜೀವಿಗೆ ಅನ್ನ ಬೇಡ, ಬೆಳಕು ಬೇಡ. ನೀರಿನಲ್ಲಿ ಕರಗಿದ ಕಬ್ಬಿಣವನ್ನು ಗಾಳಿಯ ಆಮ್ಲಜನಕದೊಡನೆ ಕೂಡಿಸಿ, ಅದರಿಂದ ಬರುವ ಶಕ್ತಿಯಲ್ಲಿ ಬದುಕುತ್ತದೆ. ಹಾಗೆ ಮಾರ್ಪಟ್ಟ ಕಬ್ಬಿಣ ಅದಿರನ್ನು ಕೊರೆದು ತಾಮ್ರವನ್ನು ಬಿಡಿಸುತ್ತದೆ, ತಾನು ಮೊದಲಿನ ರೂಪಕ್ಕೆ ಮರಳುತ್ತದೆ; ಬ್ಯಾಕ್ಟೀರಿಯ ಅದನ್ನು ಮತ್ತೆ ಹದಗೊಳಿಸುತ್ತದೆ. ಗಂಧಕವು ಗಂಧಕಾಮ್ಲವಾಗುತ್ತದೆ. ಬೆಂಕಿ ಹೊಗೆಯೆಬ್ಬಿಸಿ ಮಾಡುತ್ತಿದ್ದ ಕೆಲಸವನ್ನು ಮಿಲಿಮೀಟರಿನ ಸಾವಿರದ ಒಂದು ಪಾಲಿನಷ್ಟಿರುವ ಜೀವಿ ಸದ್ದಿಲ್ಲದೆ ಮಾಡುತ್ತಿತ್ತು.

ಗುರುತು ಸಿಕ್ಕ ಮೇಲೆ ಉದ್ಯಮ ಸುಮ್ಮನಿರಲಿಲ್ಲ. 1958ರಲ್ಲಿ ಅಮೆರಿಕದ ಕೆನೆಕಾಟ್ ತಾಮ್ರದ ಕಂಪನಿ ಈ ವಿಧಾನಕ್ಕೆ ಪೇಟೆಂಟು ಪಡೆಯಿತು. 1986ರಲ್ಲಿ ದಕ್ಷಿಣ ಆಫ್ರಿಕದ ಫೇರ್‌ವ್ಯೂ ಗಣಿಯಲ್ಲಿ, ಗಂಧಕದ ಅದಿರಿನೊಳಗೆ ಸೆರೆಯಾದ ಚಿನ್ನವನ್ನು ಬಿಡಿಸಲು ಇಂಥ ಜೀವಿಗಳನ್ನು ತೊಟ್ಟಿಗಳಲ್ಲಿ ಸಾಕತೊಡಗಿದರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಈ ಬಗೆಯ ಸಂಶೋಧನೆ ದಶಕಗಳಿಂದ ನಡೆದಿದೆ.

ಹಾಗೆಂದು ಈ ಜೀವಿಯನ್ನು ಉಪಕಾರಿಯೆಂದು ಹೊಗಳಿ ಮುಗಿಸುವಂತಿಲ್ಲ. ಅಮೆರಿಕದಲ್ಲಿ ಅದು ಮೊದಲು ಕಂಡದ್ದು ಹೊಳೆ ಕೆಡಿಸುವವನ ವೇಷದಲ್ಲಿ. ರಿಯೊ ಟಿಂಟೊದ ಕೆಂಪಿಗೂ ಅದರ ಬಳಗವೇ ಕಾರಣ. ಗಣಿಯವರು ಬಿಟ್ಟುಹೋದ ಗುಡ್ಡೆಗೆ ಮಳೆ ಬಿದ್ದರೂ ಅದು ತನ್ನ ಕೆಲಸ ನಡೆಸುತ್ತದೆ; ಕೂಲಿ ಕೇಳುವುದಿಲ್ಲ, ನಿಲ್ಲಿಸೆಂದರೆ ನಿಲ್ಲಿಸುವುದಿಲ್ಲ. ಒಸರುವ ನೀರನ್ನು ಕಟ್ಟಿ ಹಿಡಿಯುವ ಹೊಣೆ ಮನುಷ್ಯರದು. 1888ರಲ್ಲಿ ಆ ಚೌಕದಲ್ಲಿ ನೆರೆದವರು ಕೇಳಿದ್ದೂ ಇಂಥ ಹೊಣೆಯನ್ನೇ: ತಾಮ್ರ ಒಬ್ಬರಿಗೆ, ಅದರ ವಿಷ ಇನ್ನೊಬ್ಬರಿಗೆ ಆಗಬಾರದು ಎಂದು. ಬೆಂಕಿ ಆರಿ ನೀರು ಬಂದರೂ ಆ ಮಾತು ಹಳೆಯದಾಗಿಲ್ಲ.