ಮೂವತ್ತು ಸೆಂಟಿಮೀಟರ್

ಕಳೆದ ವರ್ಷ ಅನುವಾದಕ್ಕೆಂದು ನನಗೆ ಒಂದು ಕೈಪಿಡಿ ಬಂತು. ಎದೆಗೆ ಅಂಟಿಸಿಕೊಂಡರೆ ದಿನಗಟ್ಟಲೆ ಹೃದಯದ ಬಡಿತವನ್ನು ದಾಖಲಿಸುವ ಸಣ್ಣ ಪಟ್ಟಿಯೊಂದರ ಕೈಪಿಡಿ. ಸ್ನಾನಕ್ಕೆ ಮುಂಚೆ ಏನು ಮಾಡಬೇಕು, ಚರ್ಮ ಕೆಂಪಾದರೆ ಯಾರಿಗೆ ಹೇಳಬೇಕು, ಇಂಥವೆಲ್ಲ ಸಲೀಸಾಗಿ ಮುಗಿದವು. ಕೊನೆಯ ಪುಟಗಳಿಗೆ ಬಂದಾಗ ಕೈ ನಿಂತಿತು. ಅಲ್ಲಿದ್ದ ಎಚ್ಚರಿಕೆಯ ಸಾರ ಇಷ್ಟು: ಜೊತೆಯಲ್ಲಿ ಒಯ್ಯುವ ರೇಡಿಯೋ ಸಂವಹನ ಸಾಧನಗಳನ್ನು ಈ ಉಪಕರಣಕ್ಕೆ 30 ಸೆಂಟಿಮೀಟರಿಗಿಂತ ಹತ್ತಿರದಲ್ಲಿ ಬಳಸಬಾರದು.

ಜೊತೆಯಲ್ಲಿ ಒಯ್ಯುವ ರೇಡಿಯೋ ಸಂವಹನ ಸಾಧನ ಎಂದರೆ ಮೊಬೈಲ್. ಪಟ್ಟಿ ಕೂರುವುದು ಎಡ ಎದೆಯ ಮೇಲೆ. ಅಂಗಿಯ ಜೇಬು ಇರುವುದೂ ಅಲ್ಲೇ. ಪಟ್ಟಿ ತಾನು ಕಂಡದ್ದನ್ನು ಕಳಿಸುವುದೂ ಅದೇ ಮೊಬೈಲಿಗೆ.

ಶೀರ್ಷಿಕೆಯ ಪದವೇ ಮೊದಲ ತೊಡಕಾಗಿತ್ತು. ಶಾಲೆಯ ಭೌತಶಾಸ್ತ್ರದಲ್ಲಿ ಬೆಳಕಿನ ಅಲೆಗಳ ಪಾಠಕ್ಕೆ ‘ವ್ಯತಿಕರಣ’ ಎಂದು ಓದಿದ್ದೆವು. ಪತ್ರಿಕೆಗಳಲ್ಲಿ ಸಚಿವರು ಮಾಡುವುದು ‘ಹಸ್ತಕ್ಷೇಪ’. ಕೆಲಸ ಕೊಟ್ಟವರ ಪದಪಟ್ಟಿಯಲ್ಲಿ ‘ವಿದ್ಯುತ್ಕಾಂತೀಯ ಹಸ್ತಕ್ಷೇಪ’ ಎಂದೇ ಇತ್ತು, ಹಾಗೇ ಬರೆದೆ. ಆದರೆ ಹಸ್ತಕ್ಷೇಪ ಎಂದ ಮೇಲೆ ಕೈ ಹಾಕುವವರೊಬ್ಬರು ಇರಬೇಕಲ್ಲ. ಇಲ್ಲಿ ಕೈ ಹಾಕುವವರು ಯಾರು?

ಅದೇ ದಿನಗಳಲ್ಲಿ ಡೊಂಬಿವಲಿಯಲ್ಲಿರುವ ನನ್ನ ಕಾಕಾನಿಗೆ ಹೋಲ್ಟರ್ ಪರೀಕ್ಷೆ ಮಾಡಿಸಿದ್ದರು. ಸ್ಟೇಷನ್ನಿನ ಸೇತುವೆ ಹತ್ತುವಾಗ ಎದೆ ಹೊಡೆದುಕೊಳ್ಳುತ್ತದೆ ಎಂಬುದು ಅವರ ದೂರು. 24 ತಾಸು ಯಂತ್ರ ಕಟ್ಟಿ ಕಳಿಸಿದರು, ಜೊತೆಗೆ ಇಂಥದೇ ಎಚ್ಚರಿಕೆಗಳ ಒಂದು ಕಾಗದ. ಕಾಕಾ ಅದನ್ನು ಎರಡು ಸಲ ಓದಿ, ಮೊಬೈಲನ್ನು ಅಡುಗೆಮನೆಯಲ್ಲಿಟ್ಟು, ಟಿವಿ ಆರಿಸಿ, ಮಿಕ್ಸರ್ ಹಚ್ಚಬೇಡಿರೆಂದು ಹೇಳಿ, ಬಾಲ್ಕನಿಯ ಕುರ್ಚಿಯಲ್ಲಿ ಒಂದು ಹಗಲು ಒಂದು ರಾತ್ರಿ ಕಳೆದರು. ವರದಿಯಲ್ಲಿ ಏನೂ ಬರಲಿಲ್ಲ. ಬರುವುದಾದರೂ ಹೇಗೆ? ದೂರು ಇದ್ದದ್ದು ಸೇತುವೆ ಹತ್ತುವಾಗ, ಯಂತ್ರ ನೋಡಿದ್ದು ಕುರ್ಚಿಯಲ್ಲಿ ಕೂತವರನ್ನು. “ಏನ್ ಮಾಡ್ಲಿ, ಕಾಗದದಾಗ ಹಂಗ ಬರದಿತ್ತಲ್ಲ” ಎಂದರು ಕಾಕಾ.

ಆ 30 ಸೆಂಟಿಮೀಟರ್ ಎಲ್ಲಿಂದ ಬಂತು ಎಂದು ಹುಡುಕತೊಡಗಿದ್ದು ಆಮೇಲೆ.

ಹೃದಯದ ವಿದ್ಯುತ್ತನ್ನು ಅಳೆಯುವವರಿಗೆ ಹೊರಗಿನವರ ಕಾಟ ಮೊದಲಿನಿಂದಲೂ ಇತ್ತು. ನೆದರ್ಲೆಂಡ್ಸಿನ ಲೈಡನ್‌ನಲ್ಲಿ ವಿಲೆಮ್ ಐಂಥೋವನ್ 19ನೆಯ ಶತಮಾನದ ಕೊನೆಯಲ್ಲಿ ಬಳಸುತ್ತಿದ್ದದ್ದು ಪಾದರಸದ ಸಣ್ಣ ನಳಿಕೆಯ ಉಪಕರಣ. ಪ್ರಯೋಗಾಲಯದ ಹೊರಗೆ ಕಲ್ಲುಹಾಸಿನ ಬೀದಿ. ಕುದುರೆಗಾಡಿ ಹಾದುಹೋದರೆ ಪಾದರಸ ನಡುಗುತ್ತಿತ್ತು. ನೆಲ ಅಗೆಸಿ ಬಂಡೆ ತುಂಬಿಸಿ ನೋಡಿದರು, ಪೂರ್ತಿ ಪ್ರಯೋಜನವಾಗಲಿಲ್ಲ. 1901ರಲ್ಲಿ ಅವರು ಪ್ರಕಟಿಸಿದ ಹೊಸ ಯಂತ್ರದಲ್ಲಿ ಪಾದರಸದ ಬದಲು ಬಲವಾದ ವಿದ್ಯುತ್ಕಾಂತಗಳ ನಡುವೆ ಬೆಳ್ಳಿ ಲೇಪಿಸಿದ ಕ್ವಾರ್ಟ್ಸ್ ಎಳೆಯೊಂದು ಇತ್ತು. ಯಂತ್ರದ ತೂಕ ಸುಮಾರು 270 ಕಿಲೋ, ನಡೆಸಲು 5 ಜನ ಬೇಕು, ಕಾಂತಗಳು ಕಾಯದಂತೆ ನೀರು ಹರಿಸಬೇಕು. ರೋಗಿ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರಬೇಕು. ಈ ಯಂತ್ರವನ್ನು ಆಸ್ಪತ್ರೆಗೆ ಒಯ್ಯುವುದು ಆಗದ ಮಾತು. ಹಾಗಾಗಿ 1905ರಲ್ಲಿ ಐಂಥೋವನ್ ಸುಮಾರು ಒಂದೂವರೆ ಕಿಲೋಮೀಟರ್ ದೂರದ ಆಸ್ಪತ್ರೆಯಿಂದ ಟೆಲಿಫೋನ್ ತಂತಿಯ ಮೂಲಕ ರೋಗಿಯ ಹೃದಯದ ವಿದ್ಯುತ್ತನ್ನು ತಮ್ಮಲ್ಲಿಗೇ ತರಿಸಿಕೊಂಡರು. 1906ರ ಪ್ರಬಂಧದಲ್ಲಿ ಅದಕ್ಕೆ ‘ಟೆಲಿಕಾರ್ಡಿಯೋಗ್ರಾಮ್’ ಎಂದು ಹೆಸರಿಟ್ಟರು. ದೂರದ ಹೃದಯವನ್ನು ನೋಡುವ ಆಸೆ ಇಸಿಜಿಯಷ್ಟೇ ಹಳೆಯದು.

ಮುಂದೆ ಕುದುರೆಗಾಡಿಯ ಜಾಗಕ್ಕೆ ಮನೆಮನೆಯ ಕರೆಂಟು ಬಂತು. ಚರ್ಮದ ಮೇಲೆ ಸಿಗುವ ಹೃದಯದ ಸಂಕೇತ ಹೆಚ್ಚೆಂದರೆ 1 ಮಿಲಿವೋಲ್ಟಿನ ಆಸುಪಾಸು. ನಮ್ಮ ಗೋಡೆಯೊಳಗಿನ ತಂತಿಯಲ್ಲಿರುವುದು 230 ವೋಲ್ಟ್, ಅಂದರೆ ಎರಡು ಲಕ್ಷಕ್ಕೂ ಹೆಚ್ಚು ಪಟ್ಟು. ತಂತಿಯನ್ನು ಮುಟ್ಟಬೇಕಾಗಿಲ್ಲ, ಕೋಣೆಯಲ್ಲಿ ನಿಂತ ದೇಹವೇ ಆಂಟೆನಾ ಆಗಿ ಸೆಕೆಂಡಿಗೆ 50 ಸಲದ ಗುಂಯ್‌ಗುಡುವಿಕೆಯನ್ನು ಹೀರಿಕೊಳ್ಳುತ್ತದೆ. ಇಸಿಜಿ ಗೆರೆ ದಪ್ಪಗೆ, ಗರಗಸದ ಹಲ್ಲಿನಂತೆ ಕಂಡರೆ ಅದು ಹೃದಯವಲ್ಲ, ಕರೆಂಟು.

ಇದಕ್ಕೆ ಕಂಡುಕೊಂಡ ಉಪಾಯ ನನಗೆ ಇಡೀ ಕತೆಯಲ್ಲೇ ಅತ್ಯಂತ ಜಾಣ ಸಂಗತಿಯಾಗಿ ಕಾಣುತ್ತದೆ. ಎರಡು ಕೈಗಳಿಗೆ ಎರಡು ತಂತಿ ಹಚ್ಚಿದರೆ ಕರೆಂಟಿನ ಗುಂಯ್‌ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಸಮನೆ ಬರುತ್ತದೆ. ಹೃದಯದ ವೋಲ್ಟೇಜ್ ಮಾತ್ರ ಎರಡು ಕಡೆ ಬೇರೆಬೇರೆ. ಒಂದರಿಂದ ಇನ್ನೊಂದನ್ನು ಕಳೆದರೆ ಗದ್ದಲ ಗದ್ದಲವನ್ನೇ ಅಳಿಸುತ್ತದೆ, ಹೃದಯ ಉಳಿಯುತ್ತದೆ. 1930ರ ದಶಕದಲ್ಲಿ ಬಂದ ಈ ಬಗೆಯ ಆಂಪ್ಲಿಫೈಯರುಗಳು ಇಂದಿಗೂ ಪ್ರತಿಯೊಂದು ಇಸಿಜಿ ಯಂತ್ರದ ಒಳಗಿವೆ. ಬಲಗಾಲಿಗೆ ಹಚ್ಚುವ ತಂತಿಯದು ಇನ್ನೊಂದು ಕತೆ. ಹೃದಯವನ್ನು ಅಳೆಯುವುದು ಅದರ ಕೆಲಸವಲ್ಲ. ದೇಹ ಹೀರಿಕೊಂಡ ಗದ್ದಲವನ್ನು ತಲೆಕೆಳಗು ಮಾಡಿ ಅದು ದೇಹಕ್ಕೇ ಮರಳಿಸುತ್ತದೆ. ಇಷ್ಟರ ಮೇಲೂ ಉಳಿದದ್ದನ್ನು ಸೋಸಲು ಜರಡಿ ಉಂಟು. ನಮ್ಮಲ್ಲಿ 50 ಹರ್ಟ್ಸ್, ಅಮೆರಿಕದಲ್ಲಿ 60. ತಪ್ಪು ಸಂಖ್ಯೆಗೆ ಇಟ್ಟ ಜರಡಿ ಗದ್ದಲವನ್ನು ಬಿಟ್ಟುಬಿಡುತ್ತದೆ. ಸರಿಯಾದ ಸಂಖ್ಯೆಗೆ ಇಟ್ಟದ್ದೂ ಗದ್ದಲದ ಜೊತೆ ಹೃದಯದ ಗೆರೆಯ ಮೊನಚನ್ನು ಸ್ವಲ್ಪ ಸವೆಸಬಹುದು.

ಆದರೆ ಇವೆಲ್ಲ ಹಾಸಿಗೆಯ ಮೇಲೆ ಅಲುಗದೆ ಮಲಗಿದವರ ಹೃದಯಕ್ಕೆ. ಅದನ್ನು ಎಬ್ಬಿಸಿ ನಡೆಸಿದವರು ಅಮೆರಿಕದ ಮೊಂಟಾನಾ ರಾಜ್ಯದ ಹೆಲೆನಾ ಊರಿನ ನಾರ್ಮನ್ ಹೋಲ್ಟರ್. ಹೋಲ್ಟರ್ ವೈದ್ಯರಲ್ಲ, ಭೌತವಿಜ್ಞಾನಿ. ಯುದ್ಧಕ್ಕೆ ಮುಂಚೆ ಅವರು ಮನಶ್ಶಾಸ್ತ್ರಜ್ಞ ಗೆಂಗೆರೆಲ್ಲಿ ಅವರೊಂದಿಗೆ ಒಂದು ವಿಚಿತ್ರ ಪ್ರಯೋಗ ಮಾಡಿದ್ದರು. ಕಪ್ಪೆಯ ನರವನ್ನು ತಂತಿಯಿಲ್ಲದೆ, ದೂರದಿಂದ, ವಿದ್ಯುತ್ ಮತ್ತು ಕಾಂತ ಕ್ಷೇತ್ರಗಳಿಂದಲೇ ಪ್ರಚೋದಿಸುವ ಪ್ರಯೋಗ ಅದು. ಒಂದು ರೀತಿಯಲ್ಲಿ ನೋಡಿದರೆ ಬೇಕೆಂದೇ ಮಾಡಿದ ವಿದ್ಯುತ್ಕಾಂತೀಯ ಹಸ್ತಕ್ಷೇಪ. ಆಮೇಲೆ ಪ್ರಶ್ನೆಯನ್ನು ತಿರುವಿ ಹಾಕಿದರು: ಹೊರಗಿನಿಂದ ದೇಹದೊಳಕ್ಕೆ ಕಳಿಸಬಹುದಾದರೆ, ದೇಹದಿಂದ ಹೊರಕ್ಕೆ ಏಕೆ ಕಳಿಸಬಾರದು?

1947ರ ಅವರ ಮೊದಲ ಯಂತ್ರ ಬೆನ್ನಿಗೆ ಕಟ್ಟಿಕೊಳ್ಳುವಂಥದು, ತೂಕ 85 ಪೌಂಡ್, ಅಂದರೆ ಸುಮಾರು 38 ಕಿಲೋ. ಅದನ್ನು ಹೊತ್ತುಕೊಂಡೇ ವ್ಯಾಯಾಮದ ಸೈಕಲ್ ತುಳಿಯುತ್ತಿದ್ದರು. ಹೃದಯದ ಸಂಕೇತ ರೇಡಿಯೋ ಮೂಲಕ ಹೊರಬರುತ್ತಿತ್ತು. ಆದರೆ ರೇಡಿಯೋ ಇದ್ದರೆ ಕೇಳುವ ಯಂತ್ರ ಹತ್ತಿರದಲ್ಲೇ ಇರಬೇಕು, ರೋಗಿ ಅದರ ಅಳತೆಯೊಳಗೇ ಓಡಾಡಬೇಕು. ಕಡೆಗೆ ಹೋಲ್ಟರ್ ಸಣ್ಣ ಟೇಪ್ ರೆಕಾರ್ಡರಿಗೆ ಬಂದರು. 1961ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅವರ ಪ್ರಬಂಧ ಬಂದಾಗ ಅದು ಸಾರಿದ್ದು ಇದನ್ನೇ: ಎಂದಿನ ಚಟುವಟಿಕೆಯಲ್ಲಿರುವವರ ಹೃದಯವನ್ನು ದೀರ್ಘಕಾಲ ದಾಖಲಿಸುವುದು ಈಗ ಸಾಧ್ಯ. ಚಟುವಟಿಕೆಯೇ ಅದರ ಪ್ರಾಣ. ಬಾಲ್ಕನಿಯಲ್ಲಿ ಕೂತ ನಮ್ಮ ಕಾಕಾನನ್ನು ಹೋಲ್ಟರ್ ನೋಡಿದ್ದರೆ ಏನನ್ನುತ್ತಿದ್ದರೋ.

ಹೋಲ್ಟರ್ ಬಿಟ್ಟ ರೇಡಿಯೋವನ್ನು ಬೇರೆಯವರು ಹಿಡಿದರು. ಬಾಹ್ಯಾಕಾಶಕ್ಕೆ ಹೋದವರ ಹೃದಯ ಬಡಿತ ರೇಡಿಯೋದಲ್ಲೇ ಭೂಮಿಗೆ ಬಂತು. ಫಿನ್ಲೆಂಡಿನ ಪೋಲಾರ್ ಕಂಪನಿ 1980ರ ದಶಕದ ಆರಂಭದಲ್ಲಿ ಎದೆಪಟ್ಟಿಯಿಂದ ಕೈಗಡಿಯಾರಕ್ಕೆ ತಂತಿಯಿಲ್ಲದೆ ಬಡಿತ ಕಳಿಸುವ ಸಾಧನವನ್ನು ಓಟಗಾರರಿಗೆ ಕೊಟ್ಟಿತು. ಅದರ ಹಳೆಯ ಮಾದರಿಗಳಲ್ಲಿ ಪಕ್ಕದ ಓಟಗಾರನ ಹೃದಯ ನಿಮ್ಮ ಗಡಿಯಾರದಲ್ಲಿ ಕಾಣಿಸಿಕೊಳ್ಳುವುದಿತ್ತು. ಪ್ರತಿ ಪಟ್ಟಿಗೂ ಬೇರೆ ಗುರುತು ಕೊಟ್ಟ ಮೇಲೆ ಅದು ತಪ್ಪಿತು. ಇಂದಿನ ಬಹುತೇಕ ಕೈಗಡಿಯಾರಗಳ ಹಿಂಬದಿಯಲ್ಲಿ ಮಿನುಗುವ ಹಸಿರು ಬೆಳಕು ವಿದ್ಯುತ್ತನ್ನು ಓದುವುದೇ ಇಲ್ಲ, ರಕ್ತದ ಏರಿಳಿತವನ್ನು ಓದುತ್ತದೆ. ಅದರ ಶತ್ರು ಕರೆಂಟಲ್ಲ, ಕೈಯ ಅಲುಗಾಟ. ಬೆರಳಿಟ್ಟು ಇಸಿಜಿ ತೆಗೆಯುವ ಗಡಿಯಾರಗಳಿಗೆ ಮಾತ್ರ ಐಂಥೋವನ್ ಕಾಲದ ತೊಂದರೆಗಳೆಲ್ಲ ಇವೆ.

ಆಸ್ಪತ್ರೆಗಳು ರೇಡಿಯೋ ಹಿಡಿದ ಕತೆ ಇಷ್ಟು ಹಗುರವಲ್ಲ. 1990ರ ದಶಕದ ಆರಂಭದಲ್ಲಿ ಅಮೆರಿಕದ ಎಫ್‌ಡಿಎ ದಾಖಲಿಸಿದ ಒಂದು ಪ್ರಕರಣ: ಹೃದಯಾಘಾತವಾದವರನ್ನು ಆಂಬ್ಯುಲೆನ್ಸಿನಲ್ಲಿ ಒಯ್ಯುತ್ತಿದ್ದರು, ಮಾನಿಟರ್ ಮತ್ತು ಡಿಫಿಬ್ರಿಲೇಟರ್ ಎರಡೂ ಇದ್ದ ಯಂತ್ರ ಹಚ್ಚಿತ್ತು. ಸಿಬ್ಬಂದಿ ಸಲಹೆ ಕೇಳಲು ವಾಹನದ ರೇಡಿಯೋದಲ್ಲಿ ಮಾತಾಡಿದಾಗೆಲ್ಲ ಯಂತ್ರ ಕೈಕೊಟ್ಟಿತು. ರೋಗಿ ಉಳಿಯಲಿಲ್ಲ. ವಾಹನದ ಲೋಹದ ಚಾವಣಿಯನ್ನು ತೆಗೆದು ಫೈಬರ್‌ಗ್ಲಾಸಿನದು ಹಾಕಿದ್ದರು. ಲೋಹ ರೇಡಿಯೋ ಅಲೆಯನ್ನು ತಡೆಯುತ್ತದೆ, ಫೈಬರ್‌ಗ್ಲಾಸ್ ತಡೆಯುವುದಿಲ್ಲ. ಆಂಟೆನಾ ಇದ್ದದ್ದು ಮೇಲೆಯೇ. ಯಾರೂ ಕೆಟ್ಟ ಕೆಲಸ ಮಾಡಿರಲಿಲ್ಲ.

ಇನ್ನೊಂದು ಪ್ರಕರಣ ಡಲ್ಲಾಸ್ ನಗರದ್ದು. ಅಮೆರಿಕದ ಆಸ್ಪತ್ರೆಗಳು ಬಹಳ ವರ್ಷಗಳಿಂದ ಒಂದು ಅನುಕೂಲ ಮಾಡಿಕೊಂಡಿದ್ದವು. ಊರಿನಲ್ಲಿ ಖಾಲಿ ಬಿದ್ದಿರುವ ಟಿವಿ ಚಾನೆಲ್ಲಿನ ತರಂಗಾಂತರದಲ್ಲಿ, ವಾರ್ಡಿನಲ್ಲಿ ಓಡಾಡುವ ರೋಗಿಗಳ ಹೃದಯದ ಸಂಕೇತವನ್ನು ದಾದಿಯರ ಪರದೆಗೆ ಕಳಿಸುವುದು. ನಿಯಮದ ಪ್ರಕಾರ ಅವರಿಗೆ ಅಲ್ಲಿ ಹಕ್ಕೇನೂ ಇರಲಿಲ್ಲ. ಟಿವಿಯವರಿಗೆ ತೊಂದರೆ ಕೊಡಬಾರದು, ಟಿವಿಯವರಿಂದ ಆದ ತೊಂದರೆಯನ್ನು ಸಹಿಸಿಕೊಳ್ಳಬೇಕು. ಪಕ್ಕದ ಖಾಲಿ ಸೈಟಿನಲ್ಲಿ ಬಟ್ಟೆ ಒಣಹಾಕಿದ ಹಾಗೆ. ಅಷ್ಟರಲ್ಲಿ ಡಿಜಿಟಲ್ ಟಿವಿ ಬಂತು, ಸರ್ಕಾರ ಪ್ರತಿ ಕೇಂದ್ರಕ್ಕೂ ಇನ್ನೊಂದು ಚಾನೆಲ್ ಕೊಟ್ಟಿತು. 1998ರ ಫೆಬ್ರವರಿ 27ರಂದು ಡಲ್ಲಾಸಿನ ಡಬ್ಲ್ಯುಎಫ್‌ಎಎ ಕೇಂದ್ರ, ಅದುವರೆಗೆ ಖಾಲಿಯಿದ್ದ 9ನೆಯ ಚಾನೆಲ್ಲಿನಲ್ಲಿ ಡಿಜಿಟಲ್ ಪ್ರಸಾರದ ಪರೀಕ್ಷೆ ನಡೆಸಿತು. ಬೇಲರ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ನಿಸ್ತಂತು ಹೃದಯ ಮಾನಿಟರುಗಳು ಕೆಲಸ ನಿಲ್ಲಿಸಿದವು. ಯಂತ್ರ ಕೆಟ್ಟಿತೇ, ಬ್ಯಾಟರಿ ಹೋಯಿತೇ ಎಂದು ಆಸ್ಪತ್ರೆ ತಡಕಾಡಿತು. ವಿಷಯ ತಿಳಿದೊಡನೆ ಕೇಂದ್ರದವರು ಪ್ರಸಾರ ನಿಲ್ಲಿಸಿದರು. ಯಾವ ರೋಗಿಗೂ ಅಪಾಯವಾಗಲಿಲ್ಲ.

ಖಾಲಿ ಅಂದುಕೊಂಡ ಜಾಗಕ್ಕೆ ಯಜಮಾನ ಬಂದಿದ್ದ, ಅಷ್ಟೇ. ಟಿವಿಯವರ ಕಣ್ಣಲ್ಲಿ ಹಸ್ತಕ್ಷೇಪ ಮಾಡುತ್ತಿದ್ದವರು ಆಸ್ಪತ್ರೆಯವರು. ದಾದಿಯ ಕಣ್ಣಲ್ಲಿ ಟಿವಿಯವರು.

ಈ ಘಟನೆಯ ಬೆನ್ನಿಗೇ ಅಮೆರಿಕದ ತರಂಗಾಂತರ ಆಯೋಗ ಮತ್ತು ಎಫ್‌ಡಿಎ ಕೂಡಿ ಎಚ್ಚರಿಕೆ ಹೊರಡಿಸಿದವು. 2000ದಲ್ಲಿ ವೈದ್ಯಕೀಯ ಟೆಲಿಮೆಟ್ರಿಗೆಂದೇ ಮೂರು ಪಟ್ಟೆಗಳನ್ನು ಮೀಸಲಿಟ್ಟರು. ಅವುಗಳಲ್ಲಿ ಒಂದು 608ರಿಂದ 614 ಮೆಗಾಹರ್ಟ್ಸ್, ಅಂದರೆ ಅವರ 37ನೆಯ ಟಿವಿ ಚಾನೆಲ್. ಆ ಚಾನೆಲ್ ಖಾಲಿ ಇದ್ದದ್ದಕ್ಕೂ ಕಾರಣವಿದೆ: 1960ರ ದಶಕದಿಂದ ಅದನ್ನು ರೇಡಿಯೋ ಖಗೋಳಶಾಸ್ತ್ರಜ್ಞರಿಗಾಗಿ ಬಿಟ್ಟಿದ್ದರು. ಪುಣೆಯ ಓದುಗರಿಗೆ ಒಂದು ಮಾತು: ನಿಮ್ಮ ನಾರಾಯಣಗಾಂವ್ ಹತ್ತಿರದ ಖೋಡದ್‌ನ ಜಿಎಂಆರ್‌ಟಿ ದೂರದರ್ಶಕ ಆಕಾಶವನ್ನು ಆಲಿಸುವ ತರಂಗಾಂತರಗಳಲ್ಲಿ 610 ಮೆಗಾಹರ್ಟ್ಸ್ ಕೂಡ ಒಂದು.

ಆಸ್ಪತ್ರೆಗೆ ಹೀಗೆ ಬೇಲಿ ಹಾಕಬಹುದು. ಮನೆಗೆ ಹೋದ, ರೈಲು ಹತ್ತಿದ ಹೃದಯಕ್ಕೆ? ಅಲ್ಲಿ ಬೇಲಿಯ ಬದಲು ಯಂತ್ರವನ್ನೇ ಗಟ್ಟಿ ಮಾಡಬೇಕಾಯಿತು. ವೈದ್ಯಕೀಯ ಉಪಕರಣಗಳ ವಿದ್ಯುತ್ಕಾಂತೀಯ ಸಹನೆಗೆ 1993ರಲ್ಲಿ ಬಂದ ಅಂತಾರಾಷ್ಟ್ರೀಯ ಮಾನದಂಡ, ಐಇಸಿ 60601-1-2, ಮೀಟರಿಗೆ 3 ವೋಲ್ಟಿನಷ್ಟು ರೇಡಿಯೋ ಕ್ಷೇತ್ರವನ್ನು ಯಂತ್ರ ತಡೆದುಕೊಳ್ಳಬೇಕು ಎಂದಿತು. 2 ವಾಟಿನ ಮೊಬೈಲು ಸುಮಾರು 3 ಮೀಟರ್ ದೂರದಲ್ಲಿ ಹೊಮ್ಮಿಸುವುದು ಹೆಚ್ಚುಕಡಿಮೆ ಅಷ್ಟು. ಮೊಬೈಲನ್ನು ಬಾಗಿಲ ಹೊರಗೆ ಇಡಿಸಬಹುದಾದ ಕಾಲಕ್ಕೆ ಅದು ಸಾಕು. 2014ರ ನಾಲ್ಕನೆಯ ಆವೃತ್ತಿ ಆ ಆಸೆಯನ್ನು ಕೈಬಿಟ್ಟಿತು. ಮನೆಯಲ್ಲಿ ಬಳಸುವ ಉಪಕರಣಕ್ಕೆ ಮಿತಿ 10 ವೋಲ್ಟಿಗೆ ಏರಿತು. ಮೊಬೈಲ್ ತರಂಗಾಂತರಗಳಿಗೆ ಬೇರೆಯೇ ಪರೀಕ್ಷೆ ಬಂತು. ಅವುಗಳಲ್ಲಿ ಕೆಲವಕ್ಕೆ ಮೀಟರಿಗೆ 28 ವೋಲ್ಟ್. ಈ 28 ಬಂದದ್ದು 2 ವಾಟಿನ ಮೊಬೈಲನ್ನು 30 ಸೆಂಟಿಮೀಟರ್ ದೂರದಲ್ಲಿ ಇಟ್ಟರೆ ಎಷ್ಟು ಎಂಬ ಲೆಕ್ಕದಿಂದ.

ನನ್ನ ಕೈ ನಿಂತ ವಾಕ್ಯದ ಬುಡ ಇದು. ಅದರ ಒಳಗೆ ಬಂದರೆ ಕೆಡುತ್ತದೆ ಎಂದು ಆ ಸಂಖ್ಯೆ ಹೇಳುತ್ತಿಲ್ಲ. ಅಷ್ಟು ದೂರದವರೆಗೆ ಪರೀಕ್ಷಿಸಿದ್ದೇವೆ, ಅದರೊಳಗಿನ ಮಾತು ಕೊಡಲಾರೆವು ಎನ್ನುತ್ತಿದೆ. ಇದು ಭರವಸೆಯ ಗಡಿ, ಕಾಕಾ ಅದನ್ನು ಅಪಾಯದ ಗಡಿ ಎಂದು ಓದಿಕೊಂಡರು. ಹಾಗೆ ಓದುವಂತೆ ಬರೆದವರು ನನ್ನಂಥ ಅನುವಾದಕರೇ. ‘ಬಳಸಬಾರದು’ ಎಂದರೆ ಕನ್ನಡದಲ್ಲಿ ಅದು ಹಿರಿಯರ ಅಪ್ಪಣೆಯಂತೆ ಕೇಳುತ್ತದೆ, ಕಾರಣ ಕೇಳುವಂತಿಲ್ಲ. ಫ್ರಿಜ್ಜು, ಟಿವಿ, ಸೇತುವೆ, ರೈಲು ಎಲ್ಲ ಆ ಅಪ್ಪಣೆಯೊಳಗೆ ಬಂದುಬಿಟ್ಟವು.

ನಾನು ಹೀಗೆ ತಿದ್ದಿ ಕಳಿಸಿದೆ: “ಮೊಬೈಲನ್ನು ಅಂಗಿಯ ಜೇಬಿನಲ್ಲಿ ಇಡಬೇಡಿ, ಪಟ್ಟಿಯಿಂದ ಕನಿಷ್ಠ 30 ಸೆಂ.ಮೀ. ದೂರವಿರಲಿ. ತೀರಾ ಹತ್ತಿರವಿದ್ದರೆ ದಾಖಲೆ ಸ್ಪಷ್ಟವಾಗಿ ಬರದಿರಬಹುದು. ದಿನನಿತ್ಯದ ಕೆಲಸಗಳನ್ನು ಎಂದಿನಂತೆ ಮಾಡಿ.” ಪರಿಶೀಲಕರು ಕೊನೆಯ ವಾಕ್ಯವನ್ನು ಕೆಂಪಿನಲ್ಲಿ ಹೊಡೆದು ಪಕ್ಕದಲ್ಲಿ ‘ಮೂಲದಲ್ಲಿಲ್ಲ’ ಎಂದು ಬರೆದರು. ನಿಜ, ಮೂಲದ ಆ ಪುಟದಲ್ಲಿ ಇರಲಿಲ್ಲ. ನಾಲ್ಕನೆಯ ಪುಟದಲ್ಲಿತ್ತು. ಅಲ್ಲಿಂದ ಇಲ್ಲಿಗೆ ತರಲು ಮೂರು ಮಿಂಚಂಚೆ ಬೇಕಾದವು.

ಕಾಕಾನಿಗೆ ಎರಡನೆಯ ಸಲ ಯಂತ್ರ ಕಟ್ಟುವಾಗ ಡಾಕ್ಟರು ಬಾಯಲ್ಲೇ ಹೇಳಿ ಕಳಿಸಿದರು: ಮೊಬೈಲ್ ಪ್ಯಾಂಟಿನ ಜೇಬಿನಲ್ಲಿರಲಿ, ದಿನಾ ಏನು ಮಾಡುತ್ತೀರೋ ಅದನ್ನೇ ಮಾಡಿ. ಅವರು ಟಿವಿ ನೋಡಿದರು, ಚಹಾ ಮಾಡಿದರು, ಠಾಣೆಗೆ ಹೋಗಿ ಬಂದರು. ಯಂತ್ರದ ಜೊತೆ ಕೊಟ್ಟ ಡೈರಿಯಲ್ಲಿ ಅವರ ಗುಂಡು ಅಕ್ಷರದ ಒಂದು ಸಾಲಿದೆ: “9.12. ಸೇತುವೆ ಹತ್ತಿದೆ. ಎದಿ ಹೊಡಕೊಂಡ್ತು.” ವರದಿಯಲ್ಲಿ ಅದೇ ಹೊತ್ತಿಗೆ ಗೆರೆ ತಪ್ಪಿ ಬಂದ ಬಡಿತಗಳಿದ್ದವು. ಡಾಕ್ಟರು ಅದರ ಮೇಲೆ ಪೆನ್ಸಿಲಿನಿಂದ ದುಂಡಗೆ ಗುರುತು ಹಾಕಿ, ಔಷಧಿ ಬರೆದುಕೊಟ್ಟರು.